ಸೋತು ಸುಣ್ಣವಾಗಿದ್ದ ಕಾಲೇಜು ಟೀಮು ಎರಡೇ ವರ್ಷದಲ್ಲಿ ಚಾಂಪಿಯನ್ ಆಗಿದ್ದು ಹೇಗೆ?

2026ರ ಜನವರಿ 19ರ ರಾತ್ರಿ, ಅಮೆರಿಕದ ಮಿಯಾಮಿ ಹತ್ತಿರದ ಸ್ಟೇಡಿಯಂನಲ್ಲಿ ಇಂಡಿಯಾನಾ ಯೂನಿವರ್ಸಿಟಿಯ ಹುಡುಗರು ಮಿಯಾಮಿ ಯೂನಿವರ್ಸಿಟಿಯ ಟೀಮನ್ನು 27-21ರಲ್ಲಿ ಸೋಲಿಸಿದರು. ಕಾಲೇಜು ಫುಟ್‌ಬಾಲ್‌ನ ರಾಷ್ಟ್ರೀಯ ಚಾಂಪಿಯನ್ ಪಟ್ಟ ಮೊದಲ ಸಲ ಇಂಡಿಯಾನಾಕ್ಕೆ ಬಂತು. ಆ ಸೀಸನ್‌ನಲ್ಲಿ ಆಡಿದ್ದು 16 ಪಂದ್ಯ, ಗೆದ್ದಿದ್ದೂ 16. ಈ ಮಟ್ಟದಲ್ಲಿ ಅಂಥ ಸಾಧನೆ ಹಿಂದೆ ಆಗಿದ್ದು 1894ರಲ್ಲಿ, ಯೇಲ್ ಟೀಮಿನಿಂದ.

ಅಮೆರಿಕದಲ್ಲಿ ಮಗನೋ ಮಗಳೋ ಓದುತ್ತಿರುವ ಮನೆಗಳಲ್ಲಿ ಈ ಹೆಸರು ಈಗಾಗಲೇ ಕಿವಿಗೆ ಬಿದ್ದಿರುತ್ತದೆ. ಗೆದ್ದರು ಸರಿ, ಅದಕ್ಕೆ ಇಷ್ಟೊಂದು ಗಲಾಟೆ ಯಾಕೆ ಅಂತ ಅರ್ಥವಾಗದೆ ಸುಮ್ಮನಾದವರೂ ಇರಬಹುದು. ಕಾರಣ ಇಷ್ಟೇ. 2025ರ ಸೀಸನ್ ಶುರುವಾದಾಗ ಅತಿ ಹೆಚ್ಚು ಪಂದ್ಯ ಸೋತ ಟೀಮುಗಳ ಪಟ್ಟಿಯಲ್ಲಿ ಮೊದಲ ಹೆಸರು ಇಂಡಿಯಾನಾದ್ದೇ. 700ಕ್ಕೂ ಜಾಸ್ತಿ ಸೋಲು. 2024ಕ್ಕೆ ಮುಂಚೆ ಒಂದೇ ಒಂದು ಸೀಸನ್‌ನಲ್ಲೂ ಅದು 10 ಪಂದ್ಯ ಗೆದ್ದಿರಲಿಲ್ಲ. 2021ರಿಂದ 2023ರವರೆಗಿನ ಮೂರು ವರ್ಷದಲ್ಲಿ 36 ಪಂದ್ಯ ಆಡಿ 27 ಸೋತಿತ್ತು.

ಅಂಥ ಟೀಮೇ ಎದ್ದು ನಿಂತ ಮೇಲೆ ಅಮೆರಿಕದ ಹತ್ತಾರು ಕಾಲೇಜುಗಳಲ್ಲಿ "ನಾವೂ ಯಾಕೆ ಆಗಬಾರದು?" ಅನ್ನುವ ಆಸೆ ಹುಟ್ಟಿದೆ. ಆ ಆಸೆಗೆ ಗಟ್ಟಿ ಆಧಾರ ಇದೆಯಾ? ಮೊದಲಿಂದ ನೋಡೋಣ.

## ಕಾಲಿಗಿಂತ ಕೈಗೇ ಕೆಲಸ ಜಾಸ್ತಿ ಇರುವ ಫುಟ್‌ಬಾಲ್

ಇದು ನಮ್ಮಲ್ಲಿ ಆಡುವ ಫುಟ್‌ಬಾಲ್ ಅಲ್ಲ, ಗೊತ್ತೇ ಇದೆ. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್, ಭುಜಕ್ಕೆ ದಪ್ಪ ಪ್ಯಾಡು. ಮೈದಾನದ ಉದ್ದ 100 ಗಜ. ಒಂದೊಂದು ಕಡೆ 11 ಜನ. ಚೆಂಡು ಯಾರ ಕೈಯಲ್ಲಿದೆಯೋ ಆ ಟೀಮಿಗೆ ನಾಲ್ಕು ಅವಕಾಶ, ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲವಾದರೆ ಚೆಂಡು ಎದುರಾಳಿ ಕೈಗೆ. ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಅದಕ್ಕೆ 6 ಅಂಕ. ಅದಾದ ಮೇಲೆ ಒಂದು ಒದೆತಕ್ಕೆ ಇನ್ನೊಂದು ಅಂಕ. ಗೆರೆವರೆಗೆ ಹೋಗಲು ಆಗದು ಅನ್ನಿಸಿದರೆ ದೂರದಿಂದಲೇ ಕಂಬಗಳ ನಡುವೆ ಒದ್ದು 3 ಅಂಕ ತೆಗೆದುಕೊಳ್ಳಬಹುದು. ಇದು ಫೀಲ್ಡ್ ಗೋಲ್. ಚೆಂಡನ್ನು ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಡಬೇಕು ಅಂತ ಕ್ಷಣದಲ್ಲಿ ತೀರ್ಮಾನಿಸುವ ಆಟಗಾರನೇ ಕ್ವಾರ್ಟರ್‌ಬ್ಯಾಕ್.

ಇಷ್ಟು ಗೊತ್ತಿದ್ದರೆ ಫೈನಲ್‌ನ ಒಂದು ಘಳಿಗೆ ಅರ್ಥವಾಗುತ್ತದೆ. ಕೊನೆಯ ಕಾಲು ಭಾಗದ ಆಟ. ಇಂಡಿಯಾನಾ 17, ಮಿಯಾಮಿ 14. ಇಂಡಿಯಾನಾ ಎದುರಾಳಿಯ ಗೆರೆಯಿಂದ 12 ಗಜ ದೂರದಲ್ಲಿದೆ. ಮೂರು ಅವಕಾಶ ಮುಗಿದಿವೆ, ನಾಲ್ಕನೆಯದರಲ್ಲಿ 4 ಗಜ ಬೇಕು. ಲೆಕ್ಕಾಚಾರದ ಕೋಚು ಯಾರೇ ಆದರೂ ಫೀಲ್ಡ್ ಗೋಲ್ ಒದೆಸಿ 3 ಅಂಕ ಜೇಬಿಗಿಳಿಸುತ್ತಾರೆ. ಇಂಡಿಯಾನಾ ಕೋಚ್ ಕರ್ಟ್ ಸಿಗ್ನೆಟಿ ಕೂಡ ಮೊದಲು ಒದೆಯುವವರನ್ನೇ ಕಳಿಸಿದರು. ಆಮೇಲೆ ಟೈಮ್‌ಔಟ್ ತೆಗೆದುಕೊಂಡು ಅವರನ್ನು ವಾಪಸ್ ಕರೆದು, ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾನನ್ನು ಇಳಿಸಿದರು. ಮೆಂಡೋಜಾ ಚೆಂಡನ್ನು ಎಸೆಯಲಿಲ್ಲ. ತಾನೇ ಹಿಡಿದುಕೊಂಡು ನುಗ್ಗಿದ. ಮೈಮೇಲೆ ಬಿದ್ದವರಿಂದ ತಿರುಗಿ ತಪ್ಪಿಸಿಕೊಂಡು, ಕೊನೆಗೆ ಗಾಳಿಯಲ್ಲಿ ಹಾರಿ ಗೆರೆಯಾಚೆ ಬಿದ್ದ. ಟಚ್‌ಡೌನ್. ಸೋತರೂ ಸೈ, ಒದ್ದು ಸುಮ್ಮನಾಗಲ್ಲ ಅನ್ನುವ ಈ ಧೈರ್ಯ ಎರಡು ವರ್ಷದ ಹಿಂದೆ ಆ ಊರಿನಲ್ಲಿ ಯಾರಿಗೂ ಇರಲಿಲ್ಲ.

## ಕಾಲೇಜು ಹುಡುಗರ ಆಟಕ್ಕೆ ಇಷ್ಟು ದುಡ್ಡು ಎಲ್ಲಿಂದ?

ನಮ್ಮಲ್ಲಿ ಅಂತರ್ ವಿಶ್ವವಿದ್ಯಾಲಯ ಪಂದ್ಯ ಅಂದರೆ ಆಡುವವರು, ಅವರ ಗೆಳೆಯರು, ಒಬ್ಬ ಪಿಇಟಿ ಮೇಷ್ಟ್ರು. ಅಮೆರಿಕದಲ್ಲಿ ಹಾಗಲ್ಲ. ಮಿಷಿಗನ್ ಯೂನಿವರ್ಸಿಟಿಯ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. ನಮ್ಮ ಚಿನ್ನಸ್ವಾಮಿ ಸ್ಟೇಡಿಯಂ ತುಂಬಿದರೆ ಎಷ್ಟು ಜನವೋ ಅದರ ಎರಡೂವರೆ ಪಟ್ಟಿಗೂ ಜಾಸ್ತಿ. ದೊಡ್ಡ ನಗರವೇ ಇಲ್ಲದ ರಾಜ್ಯಗಳಲ್ಲಿ ಕಾಲೇಜು ಟೀಮೇ ಊರಿನ ಟೀಮು. ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆವರೆಗೆ ಶನಿವಾರ ಅಂದರೆ ಅದೇ.

ಮೇಲಿನ ಮಟ್ಟದಲ್ಲಿ 2025ರಲ್ಲಿ 136 ಟೀಮುಗಳಿದ್ದವು. ಹೆಚ್ಚುಕಡಿಮೆ ಎಲ್ಲವೂ ಬೇರೆ ಬೇರೆ ಒಕ್ಕೂಟಗಳಲ್ಲಿ ಹಂಚಿಕೊಂಡಿವೆ, ಇವಕ್ಕೆ ಕಾನ್ಫರೆನ್ಸ್ ಅನ್ನುತ್ತಾರೆ. ಇಂಡಿಯಾನಾ ಇರುವುದು ಬಿಗ್ ಟೆನ್ ಕಾನ್ಫರೆನ್ಸ್‌ನಲ್ಲಿ. ಹೆಸರು ಟೆನ್, ಟೀಮುಗಳು ಮಾತ್ರ 18. ಟಿವಿ ಹಕ್ಕನ್ನು ಒಂದೊಂದು ಕಾಲೇಜು ಮಾರುವುದಿಲ್ಲ, ಕಾನ್ಫರೆನ್ಸ್ ಮಾರುತ್ತದೆ. 2022ರಲ್ಲಿ ಬಿಗ್ ಟೆನ್ ಮೂರು ದೊಡ್ಡ ಚಾನೆಲ್‌ಗಳ ಜೊತೆ ಏಳು ವರ್ಷಕ್ಕೆ 700 ಕೋಟಿ ಡಾಲರ್ ಮೀರಿದ ಒಪ್ಪಂದ ಮಾಡಿಕೊಂಡಿತು. ಅದರಲ್ಲಿ ಗೆಲ್ಲುವವರಿಗೂ ಪಾಲು, ಸೋಲುವವರಿಗೂ ಪಾಲು. ಈ ಕೊನೆಯ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಅಲ್ಲಿನವರು ಟೀಮು ಅನ್ನುವುದಕ್ಕಿಂತ "ಪ್ರೋಗ್ರಾಂ" ಅಂತಲೇ ಜಾಸ್ತಿ ಹೇಳುತ್ತಾರೆ. ಆಟಗಾರರ ಜೊತೆಗೆ ಕೋಚುಗಳ ದಂಡು, ಆಟಗಾರರನ್ನು ಹುಡುಕುವ ಸಿಬ್ಬಂದಿ, ವ್ಯಾಯಾಮಶಾಲೆ, ಸ್ಟೇಡಿಯಂ, ದುಡ್ಡು ಕೊಡುವ ಹಳೆ ವಿದ್ಯಾರ್ಥಿಗಳು ಎಲ್ಲವೂ ಅದರಲ್ಲಿ ಬಂತು. ಹುಡುಗರು ನಾಲ್ಕೈದು ವರ್ಷಕ್ಕೆ ಓದು ಮುಗಿಸಿ ಹೋಗುತ್ತಾರೆ. ಪ್ರೋಗ್ರಾಂ ಉಳಿಯುತ್ತದೆ, ಅದರ ಹೆಸರೂ ಉಳಿಯುತ್ತದೆ. ಒಳ್ಳೆಯದೋ ಕೆಟ್ಟದ್ದೋ.

## ಸೋಲು ಯಾಕೆ ಅಂಟಿಕೊಳ್ಳುತ್ತದೆ

ಐಪಿಎಲ್‌ನಲ್ಲಿ ಕೊನೇ ಸ್ಥಾನಕ್ಕೆ ಬಿದ್ದ ಟೀಮಿಗೂ ಮುಂದಿನ ಹರಾಜಿನಲ್ಲಿ ಉಳಿದವರಷ್ಟೇ ಖರ್ಚು ಮಾಡುವ ಹಕ್ಕು ಇರುತ್ತದೆ. ಆರ್‌ಸಿಬಿ 17 ಸೀಸನ್ ಕಪ್ ಇಲ್ಲದೆ ಕಳೆದು 2025ರಲ್ಲಿ ಗೆದ್ದಿತು. ಆದರೆ ಅಷ್ಟೂ ವರ್ಷ ಅದಕ್ಕೆ ದೊಡ್ಡ ಆಟಗಾರರ ಕೊರತೆ ಇರಲಿಲ್ಲ, ಜನರ ಕೊರತೆಯಂತೂ ಇರಲೇ ಇಲ್ಲ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್‌ನಲ್ಲಿ ಕೊನೇ ಸ್ಥಾನದ ಟೀಮಿಗೆ ಹೊಸ ಆಟಗಾರರನ್ನು ಆರಿಸಿಕೊಳ್ಳಲು ಮೊದಲ ಸರದಿ ಕೊಡುತ್ತಾರೆ. ಬಿದ್ದವರನ್ನು ಎತ್ತಲು ಅಲ್ಲೆಲ್ಲ ಒಂದೊಂದು ವ್ಯವಸ್ಥೆ ಇದೆ.

ಕಾಲೇಜು ಫುಟ್‌ಬಾಲ್‌ನಲ್ಲಿ ಹರಾಜೂ ಇಲ್ಲ, ಸರದಿಯೂ ಇಲ್ಲ. 17-18 ವರ್ಷದ ಹೈಸ್ಕೂಲ್ ಹುಡುಗ ತನಗೆ ಇಷ್ಟ ಬಂದ ಕಾಲೇಜಿಗೆ ಹೋಗುತ್ತಾನೆ. ಅವನ ಮನೆಗೇ ಕೋಚುಗಳು ಬಂದು, ಅಪ್ಪ ಅಮ್ಮನ ಜೊತೆ ಕೂತು ಮಾತಾಡಿ ಒಪ್ಪಿಸುತ್ತಾರೆ. ಇದೇ ರಿಕ್ರೂಟಿಂಗ್. ಹುಡುಗರಿಗೆ ಅವರ ಪ್ರತಿಭೆ ನೋಡಿ ಎರಡು ಸ್ಟಾರ್, ಮೂರು ಸ್ಟಾರ್, ಐದು ಸ್ಟಾರ್ ಅಂತ ಗುರುತು ಕೊಡುವ ಸಂಸ್ಥೆಗಳೂ ಇವೆ. ಐದು ಸ್ಟಾರಿನ ಹುಡುಗ ಅಲಬಾಮಾ, ಒಹಾಯೊ ಸ್ಟೇಟ್‌ನಂಥ ಗೆಲ್ಲುವ ಕಡೆ ಹೋಗುತ್ತಾನೋ, ಸೋಲುವ ಕಡೆ ಹೋಗುತ್ತಾನೋ? ಕೇಳುವುದೇ ಬೇಡ.

ನಮ್ಮ ಹಳ್ಳಿಯ ಸರ್ಕಾರಿ ಶಾಲೆಯದ್ದೂ ಇದೇ ಕಥೆ ಅಲ್ವಾ? ಮಕ್ಕಳು ಕಡಿಮೆ ಅಂತ ಒಬ್ಬ ಮೇಷ್ಟ್ರನ್ನು ಬೇರೆ ಕಡೆ ಹಾಕುತ್ತಾರೆ. ಮೇಷ್ಟ್ರಿಲ್ಲ ಅಂತ ಇನ್ನಷ್ಟು ಮಕ್ಕಳು ಬಸ್ಸು ಹತ್ತಿ ಪೇಟೆಯ ಶಾಲೆಗೆ ಹೋಗುತ್ತಾರೆ. ಯಾವುದು ಮೊದಲು, ಯಾವುದು ಆಮೇಲೆ ಅಂತ ಹೇಳಲು ಆಗದ ಹಾಗೆ ಒಂದಕ್ಕೊಂದು ಕಾರಣವಾಗುತ್ತದೆ. ಇಲ್ಲೂ ಹಾಗೇ. ಸೋತರೆ ಒಳ್ಳೆ ಹುಡುಗರು ಬರುವುದಿಲ್ಲ, ಬರದಿದ್ದರೆ ಮತ್ತೆ ಸೋಲು. ಜನ ಬರುವುದಿಲ್ಲ, ದಾನಿಗಳು ಕೈ ಬಿಚ್ಚುವುದಿಲ್ಲ. ಕೋಚನ್ನು ತೆಗೆಯುತ್ತಾರೆ. ಹೊಸ ಕೋಚು ಬಂದಾಗ ಹಳೇ ಕೋಚನ್ನು ನಂಬಿ ಬಂದಿದ್ದ ಹುಡುಗರು ಮನಸ್ಸು ಬದಲಿಸುತ್ತಾರೆ. ಮತ್ತೆ ಒಂದರಿಂದ ಶುರು.

ಇಂಡಿಯಾನಾದಲ್ಲಿ ಇದರ ಮೇಲೆ ಇನ್ನೊಂದು ತೊಂದರೆ. ಅದು ಬಾಸ್ಕೆಟ್‌ಬಾಲ್ ರಾಜ್ಯ. ಇದೇ ಯೂನಿವರ್ಸಿಟಿ ಬಾಸ್ಕೆಟ್‌ಬಾಲ್‌ನಲ್ಲಿ ಐದು ಸಲ ರಾಷ್ಟ್ರೀಯ ಚಾಂಪಿಯನ್. ಫುಟ್‌ಬಾಲ್ ಶನಿವಾರ ಅಂದರೆ ಸ್ಟೇಡಿಯಂ ಪಕ್ಕದ ಪಾರ್ಕಿಂಗ್ ಜಾಗದಲ್ಲಿ ಕಾರಿನ ಡಿಕ್ಕಿ ತೆಗೆದು, ಒಲೆ ಹೊತ್ತಿಸಿ, ಮಾಂಸ ಸುಟ್ಟು, ಬಿಯರ್ ಕುಡಿಯುವ ಹಬ್ಬ. ಅದಕ್ಕೆ ಟೇಲ್‌ಗೇಟ್ ಅನ್ನುತ್ತಾರೆ. ಎಷ್ಟೋ ಜನ ಅದನ್ನು ಮುಗಿಸಿಕೊಂಡು, ಒಳಗೆ ಕಾಲೇ ಇಡದೆ ಮನೆಗೆ ಹೋಗುತ್ತಿದ್ದರು.

## ಹಳೇ ದಾರಿ: ಐದು ವರ್ಷದ ತಾಳ್ಮೆ

ಸೋತ ಟೀಮು ಹಿಂದೆಂದೂ ಎದ್ದಿಲ್ಲ ಅಂತೇನಿಲ್ಲ. 1989ರಲ್ಲಿ ಕನ್ಸಾಸ್ ಸ್ಟೇಟ್ ಯೂನಿವರ್ಸಿಟಿಗೆ ಬಿಲ್ ಸ್ನೈಡರ್ ಕೋಚ್ ಆಗಿ ಬಂದಾಗ ಆ ಟೀಮು 1986ರ ಅಕ್ಟೋಬರ್‌ನಿಂದ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಸ್ನೈಡರ್ ಮೊದಲ ವರ್ಷ ಗೆದ್ದದ್ದು ಒಂದೇ ಪಂದ್ಯ, ಸೋತದ್ದು 10. ಮುಂದಿನ ವರ್ಷ 5 ಗೆಲುವು. ಮೂರನೇ ವರ್ಷ 7. ನಾಲ್ಕನೇ ವರ್ಷ ಮತ್ತೆ 5ಕ್ಕೆ ಇಳಿಯಿತು. ಐದನೇ ವರ್ಷ, 1993ರಲ್ಲಿ, 9 ಗೆದ್ದರು. 1998ರಲ್ಲಿ ಮೊದಲ 11 ಪಂದ್ಯವನ್ನೂ ಗೆದ್ದು ದೇಶದ ಮುಂಚೂಣಿಯಲ್ಲಿ ನಿಂತರು.

ಸ್ನೈಡರ್ ಮಾಡಿದ್ದೇನು? ಹೆಲ್ಮೆಟ್ ಮೇಲಿನ ಗುರುತನ್ನೇ ಬದಲಿಸಿದರು. ಹಳೇ ಗುರುತು ನೋಡಿದರೆ ಜನಕ್ಕೆ ಸೋಲೇ ನೆನಪಾಗುತ್ತಿತ್ತು. ಕಾನ್ಫರೆನ್ಸ್ ಹೊರಗಿನ ಪಂದ್ಯಗಳಿಗೆ ಬೇಕೆಂದೇ ಸುಲಭದ ಎದುರಾಳಿಗಳನ್ನು ಆರಿಸಿಕೊಂಡರು, ಹುಡುಗರಿಗೆ ಗೆಲ್ಲುವುದು ಅಂದರೇನು ಅಂತ ರೂಢಿಯಾಗಲಿ ಅಂತ. ದೊಡ್ಡ ಕಾಲೇಜುಗಳು ಕಣ್ಣೆತ್ತಿ ನೋಡದ ಎರಡು ವರ್ಷದ ಜೂನಿಯರ್ ಕಾಲೇಜುಗಳಿಂದ ಆಟಗಾರರನ್ನು ತಂದರು. ಈಗ ಆ ಸ್ಟೇಡಿಯಂಗೆ ಅವರ ಮನೆತನದ್ದೇ ಹೆಸರು.

ಇದು ಹಳೇ ದಾರಿ. ಹುಡುಗನನ್ನು ಹೈಸ್ಕೂಲಿನಿಂದ ತಂದು, ಎರಡು ಮೂರು ವರ್ಷ ತಿನ್ನಿ ತೀಡಿ, ನಾಲ್ಕನೇ ವರ್ಷ ಫಲ ಕಾಣುವುದು. ಮೊದಲ ವರ್ಷ 10 ಪಂದ್ಯ ಸೋತ ಕೋಚನ್ನು ಇವತ್ತು ಐದು ವರ್ಷ ಇಟ್ಟುಕೊಳ್ಳುವ ಕಾಲೇಜು ಸಿಗುವುದು ಕಷ್ಟ.

## ಏಳು ವರ್ಷದಲ್ಲಿ ತಲೆಕೆಳಗಾದ ರೂಲ್ಸು

ಕಾಲೇಜು ಕ್ರೀಡೆಯನ್ನು ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ. ಅದರ ಹಳೇ ನಿಯಮ ಎರಡು ಗೋಡೆಗಳ ಹಾಗಿತ್ತು. ಒಂದು: ಆಟಗಾರನಿಗೆ ಓದಿನ ಸ್ಕಾಲರ್‌ಶಿಪ್ ಕೊಡಬಹುದು, ದುಡ್ಡು ಕೊಡುವಂತಿಲ್ಲ. ಎರಡು: ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕು.

ಎರಡನೇ ಗೋಡೆ ಮೊದಲು ಬಿರುಕು ಬಿಟ್ಟಿತು. 2018ರಲ್ಲಿ "ಟ್ರಾನ್ಸ್‌ಫರ್ ಪೋರ್ಟಲ್" ಶುರುವಾಯಿತು. ಹೆಸರು ದೊಡ್ಡದು, ವಿಷಯ ಸುಲಭ. ಅದೊಂದು ಕಂಪ್ಯೂಟರ್ ಪಟ್ಟಿ. ಕಾಲೇಜು ಬಿಡಬೇಕೆಂದಿರುವ ಆಟಗಾರ ತನ್ನ ಹೆಸರು ಅದರಲ್ಲಿ ಹಾಕಿಸುತ್ತಾನೆ, ಆಮೇಲೆ ಬೇರೆ ಕೋಚುಗಳು ಅವನನ್ನು ಸಂಪರ್ಕಿಸಬಹುದು. 2021ರಲ್ಲಿ ಎನ್‌ಸಿಎಎ ಒಂದು ಸಲ ಕಾಲೇಜು ಬದಲಿಸಿದವರು ತಕ್ಷಣವೇ ಆಡಬಹುದು ಅಂತ ಒಪ್ಪಿತು. ಕೋರ್ಟು ಕಟ್ಟೆ ಹತ್ತಿದ ಮೇಲೆ 2024ರಲ್ಲಿ ಆ "ಒಂದು ಸಲ" ಅನ್ನುವುದೂ ಹೋಯಿತು. ಓದಿನಲ್ಲಿ ಪಾಸಾಗುತ್ತಿದ್ದರೆ ಸಾಕು, ಎಷ್ಟು ಸಲ ಬೇಕಾದರೂ ಬದಲಿಸಬಹುದು.

ದುಡ್ಡಿನ ಗೋಡೆ 2021ರ ಜುಲೈ 1ರಂದು ಬಿತ್ತು. ಅವತ್ತಿನಿಂದ ಆಟಗಾರ ತನ್ನ ಹೆಸರು, ಫೋಟೋ ಬಳಸಿ ಜಾಹೀರಾತಿನಿಂದ ಸಂಪಾದಿಸಬಹುದು. ಇದೇ ಎನ್‌ಐಎಲ್. ಹೆಸರಿಗೆ ಜಾಹೀರಾತು. ನಿಜವಾಗಿ ನೋಡಿದರೆ ಆಯಾ ಕಾಲೇಜಿನ ಶ್ರೀಮಂತ ಅಭಿಮಾನಿಗಳು ಸೇರಿ ನಿಧಿ ಮಾಡಿ ಆಟಗಾರರಿಗೆ ಕೊಡುವ ದಾರಿ ಅದಾಯಿತು. ಕೊನೆಗೆ 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ರಾಜಿಯ ಪ್ರಕಾರ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಪಾಲು ಕೊಡಬಹುದು ಅಂತಾಯಿತು. ಮೊದಲ ವರ್ಷದ ಮಿತಿ, ಎಲ್ಲ ಆಟಗಳೂ ಸೇರಿ, ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್.

ಸೋತ ಟೀಮಿಗೆ ಇದರಿಂದ ಏನು ಲಾಭ? ಆಟಗಾರರನ್ನು ಬೆಳೆಸುವ ತನಕ ಕಾಯುವ ಕೆಲಸ ತಪ್ಪಿತು. ಬೇರೆ ಕಡೆ ಬೆಳೆದು, ಆಡಿ ತೋರಿಸಿ, ಕಾಲೇಜಿನಲ್ಲಿ ಆಡಲು ಇನ್ನೂ ಒಂದೆರಡು ವರ್ಷ ಬಾಕಿ ಇರುವ ಆಟಗಾರನನ್ನು ಈಗ ಚಳಿಗಾಲದಲ್ಲಿ ಕರೆತಂದು ಸೆಪ್ಟೆಂಬರ್‌ನಲ್ಲಿ ಮೈದಾನಕ್ಕೆ ಇಳಿಸಬಹುದು. ಆ ಸೋಲಿನ ಸುಳಿಯಲ್ಲಿ "ಒಳ್ಳೆ ಹುಡುಗರು ಬರುವುದಿಲ್ಲ" ಅನ್ನುವ ಜಾಗ ಇತ್ತಲ್ಲ, ಕೊಂಡಿ ಕಳಚಿದ್ದು ಸರಿಯಾಗಿ ಅಲ್ಲೇ.

## ಬ್ಲೂಮಿಂಗ್ಟನ್‌ನಲ್ಲಿ ನಡೆದದ್ದು

ಇಂಡಿಯಾನಾ ಯೂನಿವರ್ಸಿಟಿ ಇರುವ ಊರು ಬ್ಲೂಮಿಂಗ್ಟನ್. 2023ರ ನವೆಂಬರ್ ಕೊನೆಯಲ್ಲಿ ಅಲ್ಲಿನ ಕೋಚ್ ಟಾಮ್ ಅಲೆನ್ ಅವರನ್ನು ತೆಗೆದರು. ಒಪ್ಪಂದ ಇನ್ನೂ ಬಾಕಿ ಇದ್ದದ್ದರಿಂದ ಮನೆಗೆ ಕಳಿಸಲೇ 1.55 ಕೋಟಿ ಡಾಲರ್ ಕೊಡಬೇಕಾಯಿತು. ನಮ್ಮ ಲೆಕ್ಕದಲ್ಲಿ ಸುಮಾರು 130 ಕೋಟಿ ರೂಪಾಯಿ, ಕೆಲಸ ಮಾಡದೆ ಇರುವುದಕ್ಕೆ! ಅಲ್ಲಿ ಇದಕ್ಕೆ ಬೈಔಟ್ ಅನ್ನುತ್ತಾರೆ, ಯಾರಿಗೂ ಆಶ್ಚರ್ಯವಾಗುವುದಿಲ್ಲ.

ಅವರ ಜಾಗಕ್ಕೆ ಬಂದವರು ಕರ್ಟ್ ಸಿಗ್ನೆಟಿ. ವಯಸ್ಸು 62. ಬಹಳ ಹಿಂದೆ ಅಲಬಾಮಾದಲ್ಲಿ ಹೆಸರಾಂತ ಕೋಚ್ ನಿಕ್ ಸೇಬನ್ ಕೈಕೆಳಗೆ ಕೆಲಸ ಮಾಡಿದ್ದರು. ಸಹಾಯಕ ಕೋಚಾಗಿಯೇ ಉಳಿಯುವುದು ಸಾಕೆನಿಸಿ, 2011ರಲ್ಲಿ ಅದನ್ನು ಬಿಟ್ಟು ಪೆನ್ಸಿಲ್ವೇನಿಯಾದ ಒಂದು ಸಣ್ಣ ಕಾಲೇಜಿಗೆ ಮುಖ್ಯ ಕೋಚಾಗಿ ಹೋದರು. ಅಲ್ಲಿಂದ ಇಲಾನ್ ಯೂನಿವರ್ಸಿಟಿ, ಅಲ್ಲಿಂದ ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್ ಯೂನಿವರ್ಸಿಟಿ. ಜೇಮ್ಸ್ ಮ್ಯಾಡಿಸನ್‌ನಲ್ಲಿ ಐದು ಸೀಸನ್‌ನಲ್ಲಿ 52 ಗೆಲುವು, 9 ಸೋಲು. ಹೋದಲ್ಲೆಲ್ಲ ಗೆದ್ದಿದ್ದರು, ಆದರೆ ದೊಡ್ಡ ಕಾಲೇಜುಗಳು ಕರೆದಿರಲಿಲ್ಲ. ಇಂಡಿಯಾನಾಕ್ಕೆ ಬಂದ ಹೊಸದರಲ್ಲಿ ಒಬ್ಬ ವರದಿಗಾರ ಆಟಗಾರರನ್ನು ಹೇಗೆ ಒಪ್ಪಿಸುತ್ತೀರಿ ಅಂತ ಕೇಳಿದಾಗ, ಸುಲಭ, ನಾನು ಗೆಲ್ಲುತ್ತೇನೆ, ಬೇಕಾದರೆ ಗೂಗಲ್ ಮಾಡಿ ನೋಡಿ ಅಂದುಬಿಟ್ಟರು. ಆಗ ಇದು ಜಂಬ ಅನ್ನಿಸಿತ್ತು.

ಸಿಗ್ನೆಟಿ ತಮ್ಮ ಜೊತೆ ಜೇಮ್ಸ್ ಮ್ಯಾಡಿಸನ್‌ನಿಂದ 13 ಆಟಗಾರರನ್ನು ಕರೆತಂದರು. ಇದು ಮುಖ್ಯ. ಹೊಸ ಕೋಚು ಬಂದಾಗ ಹುಡುಗರಿಗೆ ಅವರ ಪದ್ಧತಿ, ಶಿಸ್ತು, ಪ್ರಾಕ್ಟೀಸಿನ ರೀತಿ ಒಗ್ಗಲು ವರ್ಷ ಹಿಡಿಯುತ್ತದೆ. ಇಲ್ಲಿ ಅದನ್ನು ಬಲ್ಲ 13 ಜನ ಲಾಕರ್ ರೂಮಿನಲ್ಲಿ ಮೊದಲೇ ಇದ್ದರು. ಕೋಚು ಹೇಳುವ ಮುಂಚೆ ಪಕ್ಕದವನೇ ಹೇಳಿಕೊಡುತ್ತಿದ್ದ.

ಆರಿಸುವಾಗ ಅವರ ಅಳತೆಗೋಲೂ ಬೇರೆ. ಹುಡುಗ ಮುಂದೆ ಏನಾಗಬಹುದು ಅನ್ನುವುದಕ್ಕಿಂತ ಈಗಾಗಲೇ ಏನು ಆಡಿದ್ದಾನೆ ಅಂತ ನೋಡುತ್ತಾರೆ. ಎತ್ತರ, ಸ್ಟಾರು ಎಲ್ಲ ಆಮೇಲೆ. ಡಿಯಾಂಜೆಲೊ ಪಾಂಡ್ಸ್ ಇದಕ್ಕೆ ಒಳ್ಳೆ ಉದಾಹರಣೆ. ಎತ್ತರ 5 ಅಡಿ 9 ಅಂಗುಲ, ಈ ಆಟಕ್ಕೆ ಗಿಡ್ಡ. ಜೇಮ್ಸ್ ಮ್ಯಾಡಿಸನ್‌ನಿಂದ ಕೋಚಿನ ಹಿಂದೆಯೇ ಬಂದ. 2026ರ ಜನವರಿಯಲ್ಲಿ ಆರೆಗಾನ್ ವಿರುದ್ಧದ ಸೆಮಿಫೈನಲ್ ಶುರುವಾಗಿ ಎದುರಾಳಿ ಮೊದಲ ಸಲ ಚೆಂಡು ಎಸೆದದ್ದೇ ತಡ, ಮಧ್ಯೆ ನುಗ್ಗಿ ಕಸಿದುಕೊಂಡು ನೇರ ಗೆರೆಯಾಚೆ ಓಡಿದ. ಆ ಪಂದ್ಯ ಮುಗಿದಾಗ 56-22.

ಮೆಂಡೋಜಾನದೂ ಅಂಥದ್ದೇ ಕಥೆ. ಹೈಸ್ಕೂಲಿನಲ್ಲಿ ಇವನನ್ನು ಕೇಳಿದವರಿಲ್ಲ. ಓದಿಗೆ ಹೆಸರಾದ ಯೇಲ್‌ಗೆ ಹೋಗುವುದು ಅಂತ ಒಪ್ಪಿಕೊಂಡಿದ್ದ. ಕೊನೆಗಳಿಗೆಯಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ಕರೆಯಿತು. ಅಲ್ಲಿ ಆಡಿ, ಪೋರ್ಟಲ್ ಮೂಲಕ 2025ರ ಸೀಸನ್‌ಗೆ ಇಂಡಿಯಾನಾ ಸೇರಿದ. ಅದೇ ಡಿಸೆಂಬರ್‌ನಲ್ಲಿ ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಅವನ ಕೈಯಲ್ಲಿತ್ತು. ಇಂಡಿಯಾನಾದ ಆಟಗಾರನಿಗೆ ಅದು ಬಂದದ್ದು ಮೊದಲ ಸಲ.

ಇನ್ನೊಂದು ಅನುಕೂಲವೂ ಒದಗಿಬಂತು. ಕೋವಿಡ್ ಕಾಲದ 2020ರ ಸೀಸನ್‌ನಲ್ಲಿ ಆಡಿದವರಿಗೆಲ್ಲ ಎನ್‌ಸಿಎಎ ಆಡಲು ಒಂದು ವರ್ಷ ಹೆಚ್ಚು ಕೊಟ್ಟಿತ್ತು. ಹಾಗಾಗಿ 23-24 ವರ್ಷದ ಮಾಗಿದ ಆಟಗಾರರು ಜಾಸ್ತಿ ಸಿಗುತ್ತಿದ್ದರು. 19 ವರ್ಷದ ಐದು ಸ್ಟಾರ್ ಹುಡುಗನ ಎದುರು 23 ವರ್ಷದ, ಮೂರು ನಾಲ್ಕು ಸೀಸನ್ ಆಡಿದ, ಮೈ ಗಟ್ಟಿಯಾದ ಮೂರು ಸ್ಟಾರ್ ಆಟಗಾರ ನಿಂತರೆ ಎರಡನೆಯವನೇ ಮೇಲಾಗುವ ಸಾಧ್ಯತೆ ಬಹಳ. 2024ರ ಕ್ವಾರ್ಟರ್‌ಬ್ಯಾಕ್ ಕರ್ಟಿಸ್ ರೂರ್ಕ್ ಕಾಲೇಜಿನಲ್ಲಿ ಆರನೇ ವರ್ಷದ ಆಟಗಾರ!

ಮೊದಲ ವರ್ಷವೇ 11 ಗೆಲುವು, 2 ಸೋಲು. ಅದೇ ವರ್ಷ ಪ್ಲೇಆಫ್ 4 ಟೀಮಿನಿಂದ 12 ಟೀಮಿಗೆ ಹಿಗ್ಗಿತ್ತು, ಇಂಡಿಯಾನಾಕ್ಕೂ ಜಾಗ ಸಿಕ್ಕಿತು. ನಾಟರ್ ಡೇಮ್ ಎದುರು ಮೊದಲ ಸುತ್ತಿನಲ್ಲೇ ಸೋತಾಗ, ಸುಲಭದ ಎದುರಾಳಿಗಳ ಮೇಲೆ ಗೆದ್ದು ಬಂದವರು ಅಂತ ಮೂಗು ಮುರಿದವರಿದ್ದರು. ಎರಡನೇ ವರ್ಷ ಬಿಗ್ ಟೆನ್ ಫೈನಲ್‌ನಲ್ಲಿ ಒಹಾಯೊ ಸ್ಟೇಟ್ ಮೇಲೆ 13-10, ಪ್ಲೇಆಫ್‌ನ ರೋಸ್ ಬೌಲ್ ಪಂದ್ಯದಲ್ಲಿ ಅಲಬಾಮಾ ಮೇಲೆ 38-3. ಮೂಗು ಮುರಿಯುವವರು ಆಮೇಲೆ ಕಾಣಲಿಲ್ಲ.

## ದುಡ್ಡಿಲ್ಲದಿದ್ದರೆ ಇದೆಲ್ಲ ಆಗುತ್ತಿತ್ತಾ?

ಟಿವಿ ದುಡ್ಡಿನ ಮಾತು ಈಗ ನೆನಪು ಮಾಡಿಕೊಳ್ಳಿ. ಇಂಡಿಯಾನಾಕ್ಕೆ ಬಡತನ ಇದ್ದದ್ದು ಗೆಲುವಿನದು. ಹಣದ್ದಲ್ಲ. ಬಿಗ್ ಟೆನ್ ಪಾಲು ಸೋತಾಗಲೂ ಬರುತ್ತಿತ್ತು. ಹಳೆ ವಿದ್ಯಾರ್ಥಿ, ಉದ್ಯಮಿ ಮಾರ್ಕ್ ಕ್ಯೂಬನ್‌ರಂಥವರೂ ಕೈ ಜೋಡಿಸಿದರು. ಗೆಲ್ಲುತ್ತಿದ್ದ ಕೋಚನ್ನು ಬೇರೆಯವರು ಎಗರಿಸಿಕೊಂಡು ಹೋಗದಂತೆ 2025ರ ಅಕ್ಟೋಬರ್‌ನಲ್ಲಿ ಯೂನಿವರ್ಸಿಟಿ ಸಿಗ್ನೆಟಿಗೆ ಎಂಟು ವರ್ಷದ ಹೊಸ ಒಪ್ಪಂದ ಕೊಟ್ಟಿತು. ವರ್ಷಕ್ಕೆ ಸರಾಸರಿ 1.16 ಕೋಟಿ ಡಾಲರ್, ಅಂದರೆ ಸುಮಾರು 100 ಕೋಟಿ ರೂಪಾಯಿ. ಸಣ್ಣ ಕಾನ್ಫರೆನ್ಸ್‌ನ ಟೀಮುಗಳು ಈ ಮಾತನ್ನು ಕನಸಿನಲ್ಲೂ ಆಡುವಂತಿಲ್ಲ.

ಹಾಗಾಗಿ "ಇಂಡಿಯಾನಾಗೆ ಆಯಿತು, ನಮಗೂ ಆಗುತ್ತದೆ" ಅನ್ನುವವರು ಯಾವ ಕಾನ್ಫರೆನ್ಸ್‌ನವರು ಅಂತ ಮೊದಲು ನೋಡಬೇಕು. ನ್ಯಾಶ್‌ವಿಲ್‌ನ ವಾಂಡರ್‌ಬಿಲ್ಟ್ ಕೂಡ ದುಡ್ಡಿರುವ ಕಾನ್ಫರೆನ್ಸ್‌ನಲ್ಲಿ ಸೋಲುತ್ತಾ ಕೂತಿದ್ದ ಟೀಮು. 2023ರಲ್ಲಿ ಗೆದ್ದದ್ದು ಬರೀ 2. ನ್ಯೂ ಮೆಕ್ಸಿಕೊ ಸ್ಟೇಟ್‌ನಿಂದ ಡಿಯೇಗೊ ಪವಿಯಾ ಅನ್ನುವ ಕ್ವಾರ್ಟರ್‌ಬ್ಯಾಕ್ ಬಂದ. 2024ರ ಅಕ್ಟೋಬರ್‌ನಲ್ಲಿ ಅಲಬಾಮಾವನ್ನು 40-35ರಲ್ಲಿ ಸೋಲಿಸಿದಾಗ ವಿದ್ಯಾರ್ಥಿಗಳು ಗೋಲು ಕಂಬವನ್ನೇ ಕಿತ್ತು, ಪೇಟೆಯ ಬೀದಿಗಳಲ್ಲಿ ಹೊತ್ತು ಮೆರೆಸಿ, ಕಂಬರ್‌ಲ್ಯಾಂಡ್ ನದಿಗೆ ಎಸೆದರು. 2025ರಲ್ಲಿ ಆ ಟೀಮು ತನ್ನ ಚರಿತ್ರೆಯಲ್ಲೇ ಮೊದಲ ಸಲ 10 ಪಂದ್ಯ ಗೆದ್ದಿತು.

## ಬೇಗ ಏರಿದ್ದು ಬೇಗ ಇಳಿಯುತ್ತದೆಯಾ?

ಇಳಿಯಬಹುದು. ಕೊಲರಾಡೊ ಯೂನಿವರ್ಸಿಟಿ 2022ರಲ್ಲಿ 12ರಲ್ಲಿ 11 ಸೋತು, ದೊಡ್ಡ ಆಟಗಾರನಾಗಿ ಹೆಸರು ಮಾಡಿದ್ದ ಡಿಯಾನ್ ಸ್ಯಾಂಡರ್ಸ್ ಅವರನ್ನು ಕೋಚಾಗಿ ತಂದಿತು. ಅವರು ಹಳೇ ಆಟಗಾರರಲ್ಲಿ ಬಹುಪಾಲು ಜನರನ್ನು ಬಿಟ್ಟು ಪೋರ್ಟಲ್‌ನಿಂದ ಹೊಸ ಟೀಮನ್ನೇ ಕಟ್ಟಿದರು. ದೇಶದ ಕ್ಯಾಮೆರಾಗಳೆಲ್ಲ ಅಲ್ಲಿಗೆ ಹೋದವು. ಮೊದಲ ವರ್ಷ 4 ಗೆಲುವು, ಎರಡನೇ ವರ್ಷ 9, ಟ್ರಾವಿಸ್ ಹಂಟರ್‌ಗೆ ಹೈಸ್ಮನ್. ಹಂಟರ್ ಮತ್ತು ಕೋಚಿನ ಮಗ ಶೆಡೂರ್ ಕಾಲೇಜು ಮುಗಿಸಿ ಹೋದ ಮೇಲೆ, 2025ರಲ್ಲಿ ಮತ್ತೆ 3 ಗೆಲುವು, 9 ಸೋಲು. ಫ್ಲೋರಿಡಾ ಸ್ಟೇಟ್ 2023ರಲ್ಲಿ 13 ಗೆದ್ದು ಒಂದು ಸೋತಿತ್ತು. ಮರುವರ್ಷ ಗೆದ್ದದ್ದು 2, ಸೋತದ್ದು 10.

ಬಾಡಿಗೆ ಮನೆಯವರ ಹಾಗೆ ವರ್ಷಕ್ಕೊಂದು ಗುಂಪು ಬಂದು ಹೋದರೆ ಟೀಮು ನಿಲ್ಲುವುದಿಲ್ಲ ಅನ್ನುವುದಕ್ಕೆ ಇವು ಸಾಕ್ಷಿ. ಪೋರ್ಟಲ್ ಎರಡೂ ಕಡೆ ತೆರೆಯುವ ಬಾಗಿಲು. ಇಂದು ಬಂದವನು ನಾಳೆ ಜಾಸ್ತಿ ಕೊಡುವವರ ಕಡೆ ಹೋಗಬಹುದು. ಈಗ ವರ್ಷಕ್ಕೆ ಒಂದೇ ಸಲ, ಜನವರಿಯಲ್ಲಿ ಸುಮಾರು ಎರಡು ವಾರ ಮಾತ್ರ ಆ ಬಾಗಿಲು ತೆರೆಯಬೇಕು ಅಂತ ಮಾಡಿದ್ದಾರೆ. ನನಗೆ ಕಾಣುವ ಮಟ್ಟಿಗೆ ಇಂಡಿಯಾನಾಕ್ಕೂ ಕೊಲರಾಡೊಗೂ ಇರುವ ವ್ಯತ್ಯಾಸ, ಒಬ್ಬರನ್ನೊಬ್ಬರು ಬಲ್ಲ ಒಂದು ಗಟ್ಟಿ ಗುಂಪು ನಡುವೆ ಇತ್ತೋ ಇಲ್ಲವೋ ಅನ್ನುವುದು. ಬರೀ ಎಷ್ಟು ಜನ ಹೊಸಬರು ಬಂದರು ಅನ್ನುವ ಲೆಕ್ಕ ಅದನ್ನು ಹೇಳುವುದಿಲ್ಲ.

## ಮಕ್ಕಳ ಫೀಸಿನಿಂದ ಈ ದುಡ್ಡು ಹೋಗುತ್ತದೆಯಾ?

ಅಲ್ಲಿ ಮಕ್ಕಳನ್ನು ಓದಿಸುತ್ತಿರುವವರು ಕೇಳುವ ಪ್ರಶ್ನೆ ಇದು. ಉತ್ತರ ಕಾಲೇಜಿನ ಮೇಲಿದೆ. ದೊಡ್ಡ ಕಾನ್ಫರೆನ್ಸ್‌ಗಳಲ್ಲಿ ಬಹುಪಾಲು ಟಿವಿ, ಟಿಕೆಟ್, ದಾನದಿಂದ ಬರುತ್ತದೆ. ಸಣ್ಣ ಕಾನ್ಫರೆನ್ಸ್‌ನ ಕಾಲೇಜುಗಳಲ್ಲಿ ಅದು ಸಾಲದೆ, ವಿದ್ಯಾರ್ಥಿಗಳ ಮೇಲೆ ಅಥ್ಲೆಟಿಕ್ ಫೀ ಹಾಕುವ ರೂಢಿ ಇದೆ. ಫೀಸಿನ ವಿವರದ ಪಟ್ಟಿಯಲ್ಲಿ ಅದು ಬೇರೆ ಸಾಲಾಗಿಯೇ ಕಾಣುವುದುಂಟು. ಕ್ರಿಕೆಟ್ ಬಿಟ್ಟು ಬೇರೇನೂ ನೋಡದ ನಮ್ಮ ಹುಡುಗನೂ ಅದನ್ನು ಕಟ್ಟಲೇಬೇಕು.

## ಈಗ ಯಾರ ಸರದಿ

ಇಂಡಿಯಾನಾದ ಏಳಿಗೆ ಉಳಿದವರ ತಾಳ್ಮೆಯನ್ನು ಕಡಿಮೆ ಮಾಡಿದೆ. 2025ರ ಸೀಸನ್ ಮುಗಿಯುವ ಮುಂಚೆಯೇ ಪೆನ್ ಸ್ಟೇಟ್, ಎಲ್‌ಎಸ್‌ಯು, ಫ್ಲೋರಿಡಾದಂಥ ದೊಡ್ಡ ಕಾಲೇಜುಗಳು ಕೋಚುಗಳನ್ನು ತೆಗೆದವು. ಎರಡು ವರ್ಷದಲ್ಲಿ ಅವರಿಗೆ ಆಗುವುದಾದರೆ ನಿಮಗೆ ಯಾಕೆ ಆಗಲ್ಲ ಅಂತ ದಾನಿಗಳು ಕೇಳತೊಡಗಿದ್ದಾರೆ.

ಸಿಗ್ನೆಟಿ ಬಿಟ್ಟುಹೋದ ಜೇಮ್ಸ್ ಮ್ಯಾಡಿಸನ್ ಏನಾಯಿತು? ಕೋಚು ಹೋದರು, ಹಿಂದೆಯೇ 13 ಆಟಗಾರರೂ ಹೋದರು. ಅವರು ಹೋಲಿ ಕ್ರಾಸ್ ಕಾಲೇಜಿನಿಂದ ಬಾಬ್ ಚೆಸ್ನಿ ಅನ್ನುವ ಕೋಚನ್ನು ತಂದು ಮತ್ತೆ ಕಟ್ಟಿದರು. 2025ರಲ್ಲಿ ಇಂಡಿಯಾನಾ ಆಡಿದ ಅದೇ ಪ್ಲೇಆಫ್‌ಗೆ ಜೇಮ್ಸ್ ಮ್ಯಾಡಿಸನ್ ಕೂಡ ಬಂತು, ಆರೆಗಾನ್‌ಗೆ ಸೋತಿತು. ಅಷ್ಟರಲ್ಲಾಗಲೇ ಚೆಸ್ನಿಯನ್ನು ಯುಸಿಎಲ್‌ಎ ಕರೆದಾಗಿತ್ತು. ಲಾಸ್ ಏಂಜಲಿಸ್‌ನ ಈ ಟೀಮು 2025ರಲ್ಲಿ 9 ಪಂದ್ಯ ಸೋತು, ಸೆಪ್ಟೆಂಬರ್‌ನಲ್ಲೇ ಕೋಚನ್ನು ಮನೆಗೆ ಕಳಿಸಿತ್ತು. ಅದೂ ಬಿಗ್ ಟೆನ್ ಟೀಮೇ. ಟಿವಿ ದುಡ್ಡಿನಲ್ಲಿ ಅದಕ್ಕೂ ಪಾಲಿದೆ. ಜೇಮ್ಸ್ ಮ್ಯಾಡಿಸನ್‌ನವರು ಎರಡು ವರ್ಷದಲ್ಲಿ ಎರಡನೇ ಸಲ ಹೊಸ ಕೋಚನ್ನು ಹುಡುಕಬೇಕಾಯಿತು.